ಅಭ್ಯಾಸಿಯ ಗ್ಲೈಡರು: ವಿದ್ಯುತ್ತು ಆಕಾಶವನ್ನು ಸೇರಿದ ಒಂದು ದಾರಿ

ವಿಮಾನದ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಎಂಜಿನಿನ ಚರಿತ್ರೆಯನ್ನೇ ವಿಮಾನದ ಚರಿತ್ರೆಯೆಂದು ಬಗೆದಿದ್ದಾರೆ. ಇಂತಹ ವರ್ಷದಲ್ಲಿ ಇಷ್ಟು ಅಶ್ವಶಕ್ತಿ, ಹತ್ತು ವರ್ಷಗಳ ತರುವಾಯ ಇನ್ನಿಷ್ಟು ಅಶ್ವಶಕ್ತಿ ಎಂದು ಲೆಕ್ಕ ಹೇಳುತ್ತ ಹೋಗುವುದು ಅವರ ಪದ್ಧತಿ. ವಿದ್ಯುತ್ತು ಆಕಾಶವನ್ನು ಸೇರಿದ ಬಗೆಯನ್ನು ಈ ಕ್ರಮದಲ್ಲಿ ವಿವರಿಸಹೊರಟರೆ ಲೆಕ್ಕ ಸರಿಹೊಂದುವುದಿಲ್ಲ. ವಿದ್ಯುತ್ತು ಮೊದಲು ಹೊಕ್ಕುದು ಬಲಿಷ್ಠವಾದ ವಿಮಾನಗಳೊಳಕ್ಕಲ್ಲ. ಅತ್ಯಲ್ಪ ಬಲದಿಂದ ತೃಪ್ತಿಗೊಳ್ಳುವ, ಬಲವಿಲ್ಲದಿದ್ದರೂ ಒಡನೆ ಬೀಳದಿರುವ ವಾಹನಗಳೊಳಕ್ಕೆ. ಇಂತಹ ವಾಹನಗಳಲ್ಲಿ ಒಂದು, ಕೈಯಲ್ಲಿ ಹಿಡಿದು ಎಸೆಯಬಹುದಾದ ಮಾದರಿ ಗ್ಲೈಡರು. ಇದನ್ನು ಜಾರುವಿಮಾನವೆಂದೋ ತೇಲುವಿಮಾನವೆಂದೋ ಕರೆಯಬಹುದಾದರೂ ಎರಡೂ ಅರ್ಧ ಅರ್ಥವನ್ನು ಮಾತ್ರ ಕೊಡುವುದರಿಂದ, ರೂಢಿಯಲ್ಲಿರುವ ಗ್ಲೈಡರು ಎಂಬ ಮಾತನ್ನೇ ಇಲ್ಲಿ ಇಟ್ಟುಕೊಂಡಿದೆ.

ಕಾಲೇಜಿನ ವಿದ್ಯಾರ್ಥಿಯೊಬ್ಬನು ವಿದ್ಯುಚ್ಚಾಲಿತವಾದ ರೇಡಿಯೋ-ನಿಯಂತ್ರಿತ ಗ್ಲೈಡರೊಂದನ್ನು ಕೊಳ್ಳಬೇಕೆಂದು ಅಂಗಡಿಯ ಪಟ್ಟಿಯನ್ನು ತೆರೆದರೆ, ರೆಕ್ಕೆಯ ಹರವು ಇಷ್ಟು, ಚಾನೆಲುಗಳು ಇಷ್ಟು, ಬ್ಯಾಟರಿಯ ಕೋಶಗಳು ಇಷ್ಟು ಎಂಬ ಅಂಕಿಗಳನ್ನು ಕಾಣುತ್ತಾನೆ. ಈ ಅಂಕಿಗಳು ವ್ಯಾಪಾರಿಯ ಇಚ್ಛೆಯಿಂದ ಹುಟ್ಟಿದುವಲ್ಲ. ಒಂದೊಂದರ ಹಿಂದೆಯೂ ಒಂದೊಂದು ಹಳೆಯ ತೊಡಕು ಇದೆ. ಆ ತೊಡಕು ಬಿಡಿಸಿಕೊಂಡ ಚರಿತ್ರೆ ಇದೆ. ಅದನ್ನು ಅರಿಯದೆ ಕೊಳ್ಳುವವನು ಬಣ್ಣವನ್ನೂ ಬೆಲೆಯನ್ನೂ ನೋಡಿ ಕೊಳ್ಳಬೇಕಾಗುತ್ತದೆ.

ಮೊದಲನೆಯ ತೊಡಕು ಸ್ಥಿರತೆಯದು. ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿ 1804ರಲ್ಲಿ ಒಂದು ಕೋಲಿಗೆ ಗಾಳಿಪಟದಂತಹ ರೆಕ್ಕೆಯನ್ನು ಕಟ್ಟಿ, ಹಿಂದೆ ಶಿಲುಬೆಯಾಕಾರದ ಬಾಲವನ್ನು ಜೋಡಿಸಿ, ಮುಂದೆ ಅತ್ತಿತ್ತ ಸರಿಸಬಹುದಾದ ಒಂದು ತೂಕವನ್ನಿಟ್ಟು ಮಾದರಿ ಗ್ಲೈಡರೊಂದನ್ನು ಹಾರಿಸಿದನು. ಆ ತೂಕವನ್ನು ಸರಿಸುವುದರ ಉದ್ದೇಶ ಗುರುತ್ವಕೇಂದ್ರವನ್ನು ಸರಿಯಾದ ಸ್ಥಾನಕ್ಕೆ ತರುವುದೇ ಆಗಿದ್ದಿತು. ಇಂದಿನ ಅಭ್ಯಾಸಿಯು ತನ್ನ ಮಾದರಿಯ ಮೂಗಿನೊಳಗೆ ಬ್ಯಾಟರಿಯನ್ನು ಒಂದು ಬೆರಳಿನಷ್ಟು ಮುಂದಕ್ಕೋ ಹಿಂದಕ್ಕೋ ಸರಿಸುವಾಗ ಮಾಡುವ ಕೆಲಸ ಇದಕ್ಕಿಂತ ಬೇರೆಯಲ್ಲ. ಕೇಲಿಯು ತನ್ನ ಇಳಿವಯಸ್ಸಿನಲ್ಲಿ, 1853ರಲ್ಲಿ, ಯಾರ್ಕ್‌ಷೈರಿನ ಬ್ರಾಂಪ್ಟನ್ ಕಣಿವೆಯಲ್ಲಿ ಮನುಷ್ಯನನ್ನು ಹೊರುವ ಗ್ಲೈಡರೊಂದನ್ನು ಹಾರಿಸಿದನು. ಅದರಲ್ಲಿ ಕುಳಿತಿದ್ದವನು ಅವನ ಬಂಡಿಯ ಸಾರಥಿಯೆಂದೂ, ಇಳಿದ ಕೂಡಲೇ ಆತನು ‘ನನ್ನನ್ನು ನೀವು ನೇಮಿಸಿಕೊಂಡುದು ಬಂಡಿ ಹೊಡೆಯುವುದಕ್ಕೆ, ಹಾರುವುದಕ್ಕಲ್ಲ’ ಎಂಬರ್ಥದ ಮಾತನಾಡಿ ಕೆಲಸ ಬಿಟ್ಟನೆಂದೂ ಒಂದು ಕಥೆಯುಂಟು. ಕಥೆಯ ಸತ್ಯಾಸತ್ಯತೆ ಹೇಗಾದರೂ ಇರಲಿ, ತರಬೇತಿಯಿಲ್ಲದ ಅಭ್ಯಾಸಿಯನ್ನು ಕುರಿತು ವಿಮಾನವಿದ್ಯೆಯು ಹೇಳಿಕೊಂಡ ಮೊದಲನೆಯ ಕಥೆ ಇದೆಂದು ತೋರುತ್ತದೆ.

ಸ್ಥಿರತೆಯ ಪ್ರಶ್ನೆಗೆ ಮಾದರಿಯಲ್ಲಿ ಪೂರ್ಣವಾದ ಉತ್ತರವನ್ನು ಕೊಟ್ಟವನು ಫ್ರಾನ್ಸಿನ ಅಲ್ಫಾನ್ಸ್ ಪೆನೋ. 1871ರ ಆಗಸ್ಟಿನಲ್ಲಿ ಪ್ಯಾರಿಸಿನ ತ್ವಿಲರೀ ಉದ್ಯಾನದಲ್ಲಿ ಅವನ ರಬ್ಬರುಚಾಲಿತ ಮಾದರಿಯು 11 ಸೆಕೆಂಡುಗಳ ಕಾಲ ತಾನಾಗಿಯೇ ಸಮತೋಲವನ್ನು ಕಾಯ್ದುಕೊಂಡು ಹಾರಿತು. ರೆಕ್ಕೆಯ ತುದಿಗಳನ್ನು ಮೇಲಕ್ಕೆ ಬಾಗಿಸಿದುದರಿಂದ ಅದು ಪಕ್ಕಕ್ಕೆ ವಾಲಿದರೂ ಮತ್ತೆ ನೆಟ್ಟಗಾಗುತ್ತಿದ್ದಿತು. ಬಾಲದ ಸಣ್ಣ ರೆಕ್ಕೆಯನ್ನು ಕೊಂಚ ಇಳಿಕೋನದಲ್ಲಿಟ್ಟುದರಿಂದ ಮೂಗು ಎದ್ದರೂ ಬಗ್ಗಿದರೂ ತನ್ನ ಸ್ಥಾನಕ್ಕೆ ಮರಳುತ್ತಿದ್ದಿತು. ಇಂದು ಅಭ್ಯಾಸಿಗಳಿಗೆಂದು ಮಾರುವ ಗ್ಲೈಡರಿನ ರೆಕ್ಕೆಯು ತುದಿಗಳಲ್ಲಿ ಮೇಲಕ್ಕೆ ಮುರಿದಂತೆ ಕಾಣುವುದು ಪೆನೋವಿನಿಂದ ಬಂದ ಆಸ್ತಿ. ಆ ಬಾಗು ಇರುವಲ್ಲಿ ಚುಕ್ಕಾಣಿಯೊಂದರಿಂದಲೇ ವಿಮಾನವನ್ನು ತಿರುಗಿಸಬಹುದು. ರೆಕ್ಕೆಯಂಚಿನ ಐಲೆರಾನುಗಳು ಅನಾವಶ್ಯಕ. ನಿಯಂತ್ರಣವನ್ನು ಕೈಬಿಟ್ಟರೂ ಮಾದರಿಯು ಬಹುಮಟ್ಟಿಗೆ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಕಲಿಯುವವನಿಗೆ ಬೇಕಾದುದು ಕಾಲಾವಕಾಶ. ಅದನ್ನು ಕೊಡುವ ಗುಣ ಈ ಬಾಗಿನಲ್ಲಿದೆ.

ಇನ್ನು ವಿದ್ಯುತ್ತು. 1884ರ ಆಗಸ್ಟ್ 9ರಂದು ಫ್ರಾನ್ಸಿನ ರೆನಾರ್ ಮತ್ತು ಕ್ರೆಬ್ಸ್ ಎಂಬ ಸೇನಾಧಿಕಾರಿಗಳು ‘ಲಾ ಫ್ರಾನ್ಸ್’ ಎಂಬ ವಾಯುನೌಕೆಯಲ್ಲಿ ಸುಮಾರು 8 ಕಿಲೋಮೀಟರುಗಳನ್ನು 23 ನಿಮಿಷಗಳಲ್ಲಿ ಸುತ್ತಿ, ಹೊರಟ ಸ್ಥಳಕ್ಕೇ ಬಂದಿಳಿದರು. ಅದನ್ನು ನಡೆಯಿಸಿದುದು ವಿದ್ಯುನ್ಮೋಟಾರು. ಅದರ ಬ್ಯಾಟರಿಯೊಂದೇ 435 ಕಿಲೋಗ್ರಾಂ ತೂಗುತ್ತಿದ್ದಿತು. ಇಷ್ಟು ಭಾರವನ್ನು ಮೇಲಕ್ಕೆ ಹೊತ್ತುದು ಮೋಟಾರಲ್ಲ, ಚೀಲದೊಳಗಿನ ಜಲಜನಕ. ಮೋಟಾರಿನ ಕೆಲಸ ಮುಂದಕ್ಕೆ ತಳ್ಳುವುದಷ್ಟೇ. ರೈಟ್ ಸಹೋದರರಿಗಿಂತ ಹತ್ತೊಂಬತ್ತು ವರ್ಷ ಮೊದಲೇ ವಿದ್ಯುತ್ತು ಆಕಾಶದಲ್ಲಿದ್ದಿತೆಂದರೆ ಕೇಳುವವರಿಗೆ ಆಶ್ಚರ್ಯವಾಗಬಹುದು. ಆದರೆ ತಾನಾಗಿ ತೇಲುವ ವಾಹನವನ್ನು ಆಶ್ರಯಿಸಿಯೇ ಅದು ಅಲ್ಲಿದ್ದಿತು. ಗಾಳಿಗಿಂತ ಭಾರವಾದ ವಿಮಾನದಲ್ಲಿ ಪೆಟ್ರೋಲಿನ ಮುಂದೆ ಅದು ನಿಲ್ಲಲಿಲ್ಲ. ಎಪ್ಪತ್ತು ವರ್ಷಗಳಿಗೂ ಮೀರಿ ಅದರ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲವೆಂದರೂ ಸಲ್ಲುತ್ತದೆ.

ಈ ನಡುವೆ ರೇಡಿಯೋ ಬಂದಿತು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ರೇಡಿಯೋ ಅಲೆಗಳಿಂದ ಪುಟ್ಟ ದೋಣಿಯೊಂದನ್ನು ನಡೆಯಿಸಿ ತೋರಿಸಿದನು. ಅದೇ ತತ್ತ್ವವು ಹವ್ಯಾಸಿಗಳ ಮಾದರಿ ವಿಮಾನಕ್ಕೆ ಬರಲು ನಾಲ್ಕು ದಶಕಗಳು ಹಿಡಿದುವು. 1937ರಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ನಡೆದ ರಾಷ್ಟ್ರೀಯ ಪಂದ್ಯಗಳಲ್ಲಿ ರೇಡಿಯೋ ನಿಯಂತ್ರಣಕ್ಕೆ ಪ್ರತ್ಯೇಕ ಸ್ಪರ್ಧೆಯೇ ಏರ್ಪಟ್ಟಿತು. ಆ ಕಾಲದಲ್ಲಿ ಮಿಷಿಗನ್ನಿನ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು ಕಟ್ಟಿದ ‘ಗಫ್’ ಎಂಬ ಮಾದರಿಯು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹವನ್ನು ಸೇರಿದೆ. ಅಂದಿನ ರಿಸೀವರಿನಲ್ಲಿದ್ದುದು ಗಾಜಿನ ಕವಾಟ; ಅದಕ್ಕೆ 45 ವೋಲ್ಟು ಅಥವಾ ಇನ್ನೂ ಹೆಚ್ಚಿನ ಬ್ಯಾಟರಿಯೊಂದು, ತಂತುವನ್ನು ಕಾಯಿಸಲು ಮತ್ತೊಂದು. ಚುಕ್ಕಾಣಿಯನ್ನು ತಿರುಗಿಸುತ್ತಿದ್ದುದು ಹುರಿಗೊಳಿಸಿದ ರಬ್ಬರಿನ ಎಳೆ. ಗುಂಡಿಯನ್ನು ಒಮ್ಮೆ ಒತ್ತಿದರೆ ಬಲಕ್ಕೆ, ಬಿಟ್ಟರೆ ನಡುವಿಗೆ, ಮತ್ತೆ ಒತ್ತಿದರೆ ಎಡಕ್ಕೆ. ಕೊನೆಗೆ ಒತ್ತಿದುದು ಯಾವ ಕಡೆಗೆ ಎಂಬುದನ್ನು ಹಾರಿಸುವವನು ನೆನಪಿಟ್ಟುಕೊಳ್ಳಬೇಕಾಗಿತ್ತು. 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಈ ಭಾರವನ್ನು ಇಳಿಸಿತು. 1960ರ ದಶಕದ ಮೊದಲ ವರ್ಷಗಳಲ್ಲಿ, ಕೋಲನ್ನು ಎಷ್ಟು ಬಾಗಿಸಿದರೆ ಚುಕ್ಕಾಣಿಯೂ ಅಷ್ಟೇ ಬಾಗುವ ಪ್ರಮಾಣಾನುಸಾರ ನಿಯಂತ್ರಣವು ಬಂದಿತು. ರಬ್ಬರಿನ ಎಳೆಯ ಸ್ಥಾನವನ್ನು ಸರ್ವೋ ಎಂಬ ಪುಟ್ಟ ಮೋಟಾರು ಆಕ್ರಮಿಸಿತು. ಒಂದು ಸರ್ವೋ ಚುಕ್ಕಾಣಿಗೆ, ಒಂದು ಎಲಿವೇಟರಿಗೆ, ಮೂರನೆಯ ಚಾನೆಲು ಮೋಟಾರಿಗೆ: ಅಭ್ಯಾಸಿಯ ಗ್ಲೈಡರಿಗೆ ಇಂದಿಗೂ ಇದಕ್ಕಿಂತ ಹೆಚ್ಚು ಬೇಕಿಲ್ಲ.

ಆದರೆ ಗ್ಲೈಡರಿನ ಮುಖ್ಯವಾದ ಕಷ್ಟವು ರೇಡಿಯೋವಿನಿಂದ ಬಗೆಹರಿಯಲಿಲ್ಲ. ಕೆಳಕ್ಕಿಳಿಯುವುದು ಗ್ಲೈಡರಿನ ಧರ್ಮ. ಅದನ್ನು ಮೇಲಕ್ಕೆ ಕೊಂಡೊಯ್ಯುವವರು ಯಾರು? ಮೊದಲನೆಯ ಮಹಾಯುದ್ಧದ ತರುವಾಯ, ವರ್ಸೇಲ್ಸ್ ಒಪ್ಪಂದವು ಎಂಜಿನಿನ ವಿಮಾನಗಳಿಗೆ ಹಾಕಿದ ತಡೆಯ ಕಾರಣದಿಂದ ಜರ್ಮನಿಯ ಯುವಕರು ಗ್ಲೈಡರಿನ ಕಡೆಗೆ ತಿರುಗಿದರು. 1920ರಲ್ಲಿ ಆಸ್ಕರ್ ಉರ್ಸಿನಸ್ ವಾಸರ್‌ಕುಪ್ಪೆ ಬೆಟ್ಟದಲ್ಲಿ ಮೊದಲನೆಯ ಗ್ಲೈಡರು ಪಂದ್ಯವನ್ನು ನಡೆಯಿಸಿದನು. ಅಲ್ಲಿ ಒಬ್ಬನು ಹಾರಬೇಕಾದರೆ ರಬ್ಬರಿನ ಹಗ್ಗವನ್ನು ಎಳೆಯುವುದಕ್ಕೆ ಒಂದು ಗುಂಪೇ ಬೇಕಾಗುತ್ತಿದ್ದಿತು. ಮಾದರಿಯಲ್ಲಿಯೂ ಸ್ಥಿತಿ ಅದೇ. ಸುಮಾರು 30 ಮೀಟರು ರಬ್ಬರಿನ ಕೊಳವೆಗೆ 120 ಮೀಟರು ದಾರವನ್ನು ಕಟ್ಟಿ, ಕವಣೆಯಂತೆ ಎಳೆದು ಬಿಡುವ ಪದ್ಧತಿಯೊಂದು. ಗೆಳೆಯನೊಬ್ಬನು ದಾರ ಹಿಡಿದು ಓಡುವುದೊಂದು. ಗಾಳಿಯು ಅಡರಿ ಏರುವ ಬೆಟ್ಟದ ಇಳಿಜಾರನ್ನು ಹುಡುಕಿಕೊಂಡು ಹೋಗುವುದೊಂದು. ಎರಡು ಮೀಟರು ಹರವಿನ ಗ್ಲೈಡರುಗಳ ಬೆನ್ನಿಗೆ ಪುಟ್ಟ ಎಂಜಿನೊಂದನ್ನು ಗೂಟದ ಮೇಲೆ ಕೂರಿಸುವುದೂ ಇದ್ದಿತು; ಆದರೆ ಎಂಜಿನಿನ ಎಣ್ಣೆಯು ರೆಕ್ಕೆಯನ್ನೆಲ್ಲ ನೆನೆಸುತ್ತಿದ್ದಿತು, ಸದ್ದು ನೆರೆಹೊರೆಯವರನ್ನು ಕೆರಳಿಸುತ್ತಿದ್ದಿತು. ಅಂತೂ ಒಬ್ಬನೇ ಅಭ್ಯಾಸಿಯು ಒಂದು ಸಮತಟ್ಟಾದ ಬಯಲಿಗೆ ಹೋಗಿ, ಯಾರ ನೆರವೂ ಇಲ್ಲದೆ ಹತ್ತು ಸಲ ಹಾರಿಸಿ ಕಲಿತು ಬರುವ ಅನುಕೂಲ ಸುಲಭವಾಗಿ ದೊರೆಯುತ್ತಿರಲಿಲ್ಲ. ಕಲಿಕೆಯ ದೃಷ್ಟಿಯಿಂದ ಇದು ಸಣ್ಣ ಕೊರತೆಯಲ್ಲ. ದಿನಕ್ಕೆ ಎರಡೇ ಸಲ ಹಾರಿಸುವವನಿಗೆ ಮಾಡಿದ ತಪ್ಪು ಮರೆತುಹೋಗುತ್ತದೆ; ಅದನ್ನು ಒಡನೆಯೇ ತಿದ್ದಿಕೊಳ್ಳುವ ಅವಕಾಶವಿರುವುದಿಲ್ಲ.

1957ರ ಜೂನ್ 30ರಂದು ಇಂಗ್ಲೆಂಡಿನಲ್ಲಿ ಕರ್ನಲ್ ಟ್ಯಾಪ್ಲಿನ್ ಎಂಬಾತನು ‘ರೇಡಿಯೋ ಕ್ವೀನ್’ ಎಂಬ ಮಾದರಿಯನ್ನು ವಿದ್ಯುನ್ಮೋಟಾರಿನಿಂದ ಹಾರಿಸಿದನು. ವಿದ್ಯುಚ್ಚಾಲಿತ ರೇಡಿಯೋ-ನಿಯಂತ್ರಿತ ಹಾರಾಟಗಳಲ್ಲಿ ಅಧಿಕೃತವಾಗಿ ದಾಖಲಾದುದು ಇದೇ ಮೊದಲು. ಅವನು ಬಳಸಿದುದು ಬೆಳ್ಳಿ-ಸತುವಿನ ಬ್ಯಾಟರಿ. ಅದು ಹಗುರವಾದುದು, ಆದರೆ ಬೆಲೆ ದುಬಾರಿ, ಆಯುಸ್ಸು ಅಲ್ಪ. ಆದುದರಿಂದ ಈ ಹಾರಾಟದಿಂದ ಒಂದು ಪರಂಪರೆ ಬೆಳೆಯಲಿಲ್ಲ. ಪರಂಪರೆಯನ್ನು ಬೆಳೆಯಿಸಿದ ಕೀರ್ತಿ ಫ್ರೆಡ್ ಮಿಲಿಟ್ಕಿಗೆ ಸಲ್ಲಬೇಕು. ಜರ್ಮನಿಯ ಗ್ರೌಪ್ನರ್ ಸಂಸ್ಥೆಗಾಗಿ ಕೆಲಸ ಮಾಡುತ್ತಿದ್ದ ಈತನು ಮಾದರಿಗೆ ಹೆಚ್ಚು ಮೋಟಾರನ್ನು ತುಂಬುವ ದಾರಿಯನ್ನು ಬಿಟ್ಟು, ಮಾದರಿಯ ಬೇಡಿಕೆಯನ್ನೇ ತಗ್ಗಿಸುವ ದಾರಿಯನ್ನು ಹಿಡಿದನು. 1960ರಲ್ಲಿ ಮಾರಾಟಕ್ಕೆ ಬಂದ ಅವನ ‘ಸಿಲೆಂಟಿಯಸ್’ ರೇಡಿಯೋ ಇಲ್ಲದ, ಸ್ವೇಚ್ಛೆಯಾಗಿ ಹಾರುವ ಹಗುರವಾದ ಮಾದರಿ. 1972ರ ‘ಹೈ-ಫ್ಲೈ’ ರೇಡಿಯೋ ನಿಯಂತ್ರಣದ ವಿದ್ಯುತ್ ಗ್ಲೈಡರು. ಮರುವರ್ಷವೇ, 1973ರ ಅಕ್ಟೋಬರ್ 21ರಂದು, ಮಿಲಿಟ್ಕಿಯ ಯೋಜನೆಯಂತೆ ಮಾರ್ಪಡಿಸಿದ ‘ಎಂಬಿ-ಇ1’ ಎಂಬ ಮೋಟಾರು ಗ್ಲೈಡರಿನಲ್ಲಿ ಹೈನೋ ಬ್ರಿಡಿಚ್ಕಾ ಆಸ್ಟ್ರಿಯದ ವೆಲ್ಸ್ ಎಂಬಲ್ಲಿ ಮೇಲಕ್ಕೇರಿದನು. ಮನುಷ್ಯನನ್ನು ಹೊತ್ತು ಕೇವಲ ವಿದ್ಯುಚ್ಛಕ್ತಿಯಿಂದ ಹಾರಿದ ವಿಮಾನಗಳಲ್ಲಿ ಇದು ಆದ್ಯವೆಂದು ಎಣಿಸಲ್ಪಟ್ಟಿದೆ. ಮಾದರಿಯು ಇಲ್ಲಿ ದೊಡ್ಡ ವಿಮಾನದ ಅನುಕರಣವಾಗಿರದೆ ಅದರ ಗುರುವಾದುದನ್ನು ಗಮನಿಸಬೇಕು. ಮರುವರ್ಷದ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಬೂಷೇ ಸಹೋದರರ ‘ಸನ್‌ರೈಸ್’ ಸೂರ್ಯನ ಬೆಳಕಿನಿಂದಲೇ ಹಾರಿತು. ಅವರೂ ವಿದ್ಯುತ್ ಗ್ಲೈಡರಿನಲ್ಲಿ ಕೈ ಪಳಗಿಸಿಕೊಂಡವರೇ.

ಗ್ಲೈಡರಿನ ಬೇಡಿಕೆ ಎಷ್ಟು ಅಲ್ಪವೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 1 ಕಿಲೋಗ್ರಾಂ ತೂಕದ ಮಾದರಿಯೊಂದು ಸೆಕೆಂಡಿಗೆ ಅರ್ಧ ಮೀಟರಿನಂತೆ ಇಳಿಯುತ್ತದೆಯೆನ್ನೋಣ. ಅದು ಇಳಿಯದಂತೆ ಕಾಯಲು ಬೇಕಾದ ಶಕ್ತಿ ಸುಮಾರು 5 ವ್ಯಾಟು ಮಾತ್ರ. ಸೆಕೆಂಡಿಗೆ 3 ಮೀಟರಿನಂತೆ ಏರಬೇಕಾದರೆ ಸುಮಾರು 35 ವ್ಯಾಟು. ಮೋಟಾರಿನಲ್ಲಿಯೂ ಪ್ರೊಪೆಲ್ಲರಿನಲ್ಲಿಯೂ ಅರ್ಧ ನಷ್ಟವಾಗುವುದೆಂದು ಹಿಡಿದರೆ ಬ್ಯಾಟರಿಯಿಂದ 70 ವ್ಯಾಟು. ಈ ವೇಗದಲ್ಲಿ 100 ಮೀಟರು ಏರಲು ಅರ್ಧ ನಿಮಿಷವಷ್ಟೇ ಸಾಕು. ಅನಂತರ ಮೋಟಾರನ್ನು ನಿಲ್ಲಿಸಿದರೆ ಇಳಿಯಲು ಮೂರು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಆ ಮೂರು ನಿಮಿಷಗಳಲ್ಲಿ ಬ್ಯಾಟರಿಯು ರೇಡಿಯೋವಿಗೆ ಬೇಕಾದ ತೃಣಮಾತ್ರವನ್ನು ಬಿಟ್ಟರೆ ಬೇರೇನನ್ನೂ ಕೊಡಬೇಕಾಗಿಲ್ಲ. ಎಂಜಿನಿನ ವಿಮಾನಕ್ಕೆ ಶಕ್ತಿಯು ಪ್ರಾಣವಾಯುವಿನಂತೆ ನಿರಂತರವಾಗಿ ಬೇಕು. ಗ್ಲೈಡರಿಗೆ ಅದು ಊಟದಂತೆ ಹೊತ್ತುಹೊತ್ತಿಗೆ ದೊರೆತರೆ ಸಾಕು. ಬಡವಾದ ಬ್ಯಾಟರಿಗಳ ಯುಗದಲ್ಲಿ ವಿದ್ಯುತ್ತು ಗ್ಲೈಡರನ್ನು ಆಶ್ರಯಿಸಿದುದಕ್ಕೆ ಇದೇ ಕಾರಣ.

ಬಡತನವು ನಿಜವಾಗಿಯೂ ದೊಡ್ಡದಾಗಿದ್ದಿತು. 1899ರಲ್ಲಿ ಸ್ವೀಡನ್ನಿನ ಯುಂಗ್ನರ್ ಕಂಡುಹಿಡಿದ ನಿಕಲ್-ಕ್ಯಾಡ್ಮಿಯಂ ಕೋಶವೇ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಮಾದರಿಗಾರರ ಮುಖ್ಯ ಆಧಾರ. ಏಳು ಕೋಶಗಳನ್ನು ಸಾಲಾಗಿ ಕಟ್ಟಿದ, 14 ವ್ಯಾಟ್-ಗಂಟೆಯಷ್ಟು ಶಕ್ತಿಯ ಕಟ್ಟೊಂದು ಸುಮಾರು 380 ಗ್ರಾಂ ತೂಗುತ್ತಿದ್ದಿತು. ಅಷ್ಟೇ ಶಕ್ತಿಯುಳ್ಳ ಮೂರು ಕೋಶಗಳ ಲಿಥಿಯಂ-ಪಾಲಿಮರ್ ಬ್ಯಾಟರಿಯು ಇಂದು ತೂಗುವುದು ಸುಮಾರು 110 ಗ್ರಾಂ. ಲಿಥಿಯಂ-ಅಯಾನ್ ಕೋಶವನ್ನು 1991ರಲ್ಲಿ ಸೋನಿ ಸಂಸ್ಥೆಯು ಮಾರುಕಟ್ಟೆಗೆ ತಂದುದು ಹಾರಾಟಕ್ಕಾಗಿಯಲ್ಲ, ಕೈಯಲ್ಲಿ ಹಿಡಿಯುವ ಯಂತ್ರಗಳಿಗಾಗಿ. ಮೋಟಾರಿನ ಕಥೆಯೂ ಇಂತಹುದೇ. 1980ರ ದಶಕದ ಆರಂಭದಲ್ಲಿ ಜಪಾನಿನ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟಾರ್ಸಿನ ಸಂಶೋಧಕರು ನಿಯೋಡೈಮಿಯಂ ಅಯಸ್ಕಾಂತವನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. 2000ದ ಆಸುಪಾಸಿನಲ್ಲಿ ಹವ್ಯಾಸಿಗಳು ಕೆಟ್ಟುಹೋದ ಸಿ.ಡಿ. ಡ್ರೈವುಗಳನ್ನು ಬಿಚ್ಚಿ, ಅವುಗಳ ಮೋಟಾರಿಗೆ ಹೊಸ ತಂತಿಯನ್ನು ಸುತ್ತಿ, ಈ ಅಯಸ್ಕಾಂತಗಳನ್ನು ಅಂಟಿಸಿ, ಬ್ರಷ್ಷುಗಳಿಲ್ಲದ, ಹೊರಕವಚವೇ ತಿರುಗುವ ಮೋಟಾರುಗಳನ್ನು ಮನೆಯಲ್ಲಿಯೇ ಮಾಡಿಕೊಂಡರು. ಕಾರ್ಖಾನೆಗಳು ಅದನ್ನು ಅಗ್ಗವಾಗಿ ತಯಾರಿಸಿದುದು ಆಮೇಲೆ. ಕಸದಿಂದ ಹೊರಟ ಸಂಶೋಧನೆಗೆ ಇದಕ್ಕಿಂತ ಚೆನ್ನಾದ ಉದಾಹರಣೆಯನ್ನು ನಾವು ಕಾಣೆವು.

ಇನ್ನೆರಡು ಬದಲಾವಣೆಗಳನ್ನು ಹೇಳಿ ಆಯ್ಕೆಯ ವಿಷಯಕ್ಕೆ ಬರಬಹುದು. ಒಂದು, ಬಾಲ್ಸಾ ಮರದ ಸ್ಥಾನದಲ್ಲಿ ಪುಟಿಯುವ ಫೋಮು ಬಂದುದು. ಎರಡು ಮೀಟರಿನ ‘ಜೆಂಟಲ್ ಲೇಡಿ’ಯಂತಹ ಗ್ಲೈಡರನ್ನು ಬಾಲ್ಸಾ ಪಟ್ಟಿಗಳಿಂದ ಕಟ್ಟಿದವನು ಮೊದಲನೆಯ ಹಾರಾಟದಲ್ಲಿಯೇ ವಾರಗಟ್ಟಲೆಯ ದುಡಿಮೆಯನ್ನು ಕಳೆದುಕೊಳ್ಳುವ ಭಯವಿದ್ದಿತು, ಫೋಮಿನ ಮಾದರಿಯು ಬಿದ್ದರೆ ಅಂಟು ಹಚ್ಚಿ ಅರ್ಧ ಗಂಟೆಯಲ್ಲಿ ಮತ್ತೆ ಹಾರಿಸಬಹುದು. ಮತ್ತೊಂದು, ರೇಡಿಯೋ ಪಟ್ಟಿಯ ಬದಲಾವಣೆ. ಹಿಂದೆ 27, 35, 72 ಮೆಗಾಹರ್ಟ್ಸ್ ಪಟ್ಟಿಗಳಲ್ಲಿ ಒಂದೇ ಚಾನೆಲಿನ ಮೇಲೆ ಇಬ್ಬರು ಟ್ರಾನ್ಸ್‌ಮಿಟರು ಹಚ್ಚಿದರೆ ವಿಮಾನ ಬೀಳುವುದು ಖಂಡಿತ. 2005ರಲ್ಲಿ ‘ಸ್ಪೆಕ್ಟ್ರಂ ಡಿಎಕ್ಸ್6’ ಮಾದರಿ ವಿಮಾನಗಳಿಗೆ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ತಂದಿತು. ರಿಸೀವರು ತನ್ನ ಟ್ರಾನ್ಸ್‌ಮಿಟರನ್ನು ಗುರುತಿಟ್ಟುಕೊಂಡು ಇತರರ ಮಾತಿಗೆ ಕಿವಿಗೊಡದಂತಾಯಿತು. ಇಂದಿನ ಬಹುತೇಕ ಸಲಕರಣೆಗಳು ಸಂಕೇತವನ್ನು ಒಂದು ಆವರ್ತನದಿಂದ ಮತ್ತೊಂದಕ್ಕೆ ಜಿಗಿಸುತ್ತವೆ. ಚಲನಚಿತ್ರ ನಟಿ ಹೆಡಿ ಲಾಮಾರ್ ಸಂಗೀತಗಾರ ಜಾರ್ಜ್ ಆಂಥೈಲನೊಡನೆ 1942ರಲ್ಲಿ ಪೇಟೆಂಟು ಪಡೆದುದು ಇಂತಹ ಜಿಗಿತಕ್ಕೇ. ಅವರ ಮನಸ್ಸಿನಲ್ಲಿದ್ದುದೂ ರೇಡಿಯೋದಿಂದ ನಡೆಯುವ ವಾಹನವೇ, ಆದರೆ ಅದು ಟಾರ್ಪಿಡೋ.

ಈ ಚರಿತ್ರೆಯನ್ನು ಕೈಯಲ್ಲಿಟ್ಟುಕೊಂಡು ಅಂಗಡಿಯ ಪಟ್ಟಿಯನ್ನು ಮತ್ತೆ ನೋಡೋಣ. ಹರವು ಒಂದೂವರೆ ಮೀಟರಿನಿಂದ ಎರಡು ಮೀಟರಿನವರೆಗೆ ಇರಲಿ. ದೊಡ್ಡ ಮಾದರಿಯು ನಿಧಾನವಾಗಿ ಹಾರುತ್ತದೆ, ದೂರದಲ್ಲಿಯೂ ಕಾಣುತ್ತದೆ; ಒಂದು ಮೀಟರಿಗಿಂತ ಚಿಕ್ಕದನ್ನು ಅಗ್ಗವೆಂದು ಕೊಂಡವನು ಅದು ಯಾವ ಕಡೆಗೆ ಮುಖಮಾಡಿದೆಯೆಂದು ತಿಳಿಯದೆಯೇ ಬೀಳಿಸುತ್ತಾನೆ. ರೆಕ್ಕೆಗೆ ಪೆನೋವಿನ ಬಾಗು ಇರಬೇಕು. ಪ್ರೊಪೆಲ್ಲರು ಮೂಗಿನಲ್ಲಿದ್ದು ಮಡಚಿಕೊಳ್ಳುವಂತಹುದಾದರೆ ಜಾರುವಿಕೆ ಚೆನ್ನಾಗಿರುತ್ತದೆ. ರೆಕ್ಕೆಯ ಹಿಂದೆ ಎತ್ತರದಲ್ಲಿದ್ದರೆ ಬಿದ್ದಾಗ ಮೋಟಾರು ಉಳಿಯುತ್ತದೆ. ಗ್ಲೈಡರನ್ನೇ ಕಲಿಯಬೇಕೆನ್ನುವವನಿಗೆ ಮೊದಲನೆಯದೇ ಲೇಸೆಂದು ನಮ್ಮ ಅಭಿಪ್ರಾಯ. ಹಣವನ್ನು ಉಳಿಸುವುದಾದರೆ ಮಾದರಿಯಲ್ಲಿ ಉಳಿಸಬಹುದು, ಟ್ರಾನ್ಸ್‌ಮಿಟರಿನಲ್ಲಿ ಬೇಡ. ಮೂರು ಚಾನೆಲು ಸಾಕಾದರೂ ಆರು ಚಾನೆಲಿನದನ್ನು ಕೊಳ್ಳುವುದು ಯುಕ್ತ, ಏಕೆಂದರೆ ಅದು ನಾಲ್ಕಾರು ಮಾದರಿಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ. ಮಾದರಿಯನ್ನು ತಾನೇ ನೆಟ್ಟಗೆ ನಿಲ್ಲಿಸುವ ಎಲೆಕ್ಟ್ರಾನಿಕ್ ಸ್ಥಿರಕಾರಿಗಳು ಈಗ ದೊರೆಯುತ್ತವೆ. ರೆಕ್ಕೆಯ ಬಾಗು ಉಚಿತವಾಗಿ ಮಾಡುವ ಕೆಲಸವನ್ನು ಹಣ ಕೊಟ್ಟು ಯಂತ್ರದಿಂದ ಮಾಡಿಸುವ ಅಗತ್ಯ ಗ್ಲೈಡರಿಗೆ ಇಲ್ಲ.

ಬ್ಯಾಟರಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ಲಿಥಿಯಂ-ಪಾಲಿಮರಿನ ಒಂದೊಂದು ಕೋಶವೂ ಪೂರ್ಣವಾದಾಗ 4.2 ವೋಲ್ಟು; 3 ವೋಲ್ಟಿಗಿಂತ ಕೆಳಕ್ಕಿಳಿದರೆ ಕೆಡುತ್ತದೆ; ಕೆಲವು ದಿನ ಸುಮ್ಮನಿಡುವುದಾದರೆ 3.8 ವೋಲ್ಟಿನ ಸುಮಾರಿನಲ್ಲಿಡಬೇಕು. ಕೋಶಗಳನ್ನು ಸಮವಾಗಿ ತುಂಬುವ ಚಾರ್ಜರನ್ನೇ ಕೊಳ್ಳಬೇಕು, ತುಂಬುವಾಗ ಬಳಿಯಲ್ಲಿರಬೇಕು. ಉಬ್ಬಿದ ಅಥವಾ ಪೆಟ್ಟುತಿಂದ ಬ್ಯಾಟರಿಯು ಬೆಂಕಿಗೆ ಕಾರಣವಾಗಬಹುದಾದುದರಿಂದ ಅದನ್ನು ಮತ್ತೆ ಉಪಯೋಗಿಸಕೂಡದು. ಮೂರು ಕೋಶ, 1300 ಮಿಲಿಆಂಪಿಯರ್-ಗಂಟೆಯ ಒಂದು ಬ್ಯಾಟರಿಯು ಮೇಲಿನ ಲೆಕ್ಕದಂತೆ 100 ಮೀಟರಿಗೆ ಹತ್ತು ಹನ್ನೆರಡು ಸಲವಾದರೂ ಏರಿಸಬಲ್ಲುದು. ವೇಗನಿಯಂತ್ರಕವು ಬ್ಯಾಟರಿ ಬರಿದಾಗುತ್ತ ಬಂದಾಗ ಮೋಟಾರನ್ನು ನಿಲ್ಲಿಸಿ, ಉಳಿದ ಶಕ್ತಿಯನ್ನು ರಿಸೀವರಿಗೂ ಸರ್ವೋಗಳಿಗೂ ಕಾಯ್ದಿರಿಸುತ್ತದೆ. ಎಂಜಿನಿನ ವಿಮಾನದಲ್ಲಿ ಇದು ಗಾಬರಿಯ ಸಂಗತಿ; ಗ್ಲೈಡರಿನಲ್ಲಿ ಇಳಿಯುವ ವೇಳೆಯಾಯಿತೆಂಬ ಸೂಚನೆ ಮಾತ್ರ. ಗುರುತ್ವಕೇಂದ್ರವು ತಯಾರಕನು ಹೇಳಿದ ಜಾಗದಲ್ಲಿಯೇ ಇರಬೇಕು. ಅದು ಸಾಮಾನ್ಯವಾಗಿ ರೆಕ್ಕೆಯ ಅಗಲದ ಮೂರನೆಯ ಒಂದು ಭಾಗದ ಸುಮಾರಿನಲ್ಲಿರುತ್ತದೆ.

ಎಲ್ಲಿ ಹಾರಿಸುವುದೆಂಬುದು ನಮ್ಮ ನಾಡಿನಲ್ಲಿ ಕೊಳ್ಳುವ ಮುನ್ನವೇ ಯೋಚಿಸಬೇಕಾದ ಪ್ರಶ್ನೆ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಕೆಂಪು, ಹಳದಿ, ಹಸುರು ವಲಯಗಳಾಗಿ ವಿಂಗಡಿಸಿ, ಹಸುರು ವಲಯದಲ್ಲಿ 120 ಮೀಟರು ಎತ್ತರದವರೆಗೆ ಮುಂಗಡ ಅನುಮತಿಯಿಲ್ಲದೆ ಹಾರಿಸಲು ಅವಕಾಶ ಕೊಟ್ಟುವು. ಎಚ್.ಎ.ಎಲ್., ಯಲಹಂಕ, ಜಕ್ಕೂರು, ದೇವನಹಳ್ಳಿ ನಿಲ್ದಾಣಗಳ ನಡುವೆ ಇರುವ ಬೆಂಗಳೂರಿನ ವಿದ್ಯಾರ್ಥಿಯು ನಕ್ಷೆಯನ್ನು ನೋಡದೆ ಹೊರಡುವಂತಿಲ್ಲ. ಬಯಲುಸೀಮೆಯಲ್ಲಿ ಜಾಗಕ್ಕೆ ಕೊರತೆಯಿಲ್ಲವಾದರೂ ಅಲ್ಲಿ ಇನ್ನೊಂದು ತೊಡಕುಂಟು. ಬೇಸಗೆಯ ನಡುಹಗಲಿನಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಏರುವುದನ್ನು ಕಂಡಿರುವವರಿಗೆ ಆ ಬಿಸಿಗಾಳಿಯ ಬಲ ತಿಳಿದಿರುತ್ತದೆ. ಸೆಕೆಂಡಿಗೆ 2 ಮೀಟರು ಎತ್ತುವ ಪ್ರವಾಹಕ್ಕೆ 100 ಮೀಟರಿನಲ್ಲಿ ಸಿಕ್ಕಿದ ಗ್ಲೈಡರು ಹತ್ತು ಹದಿನೈದು ಸೆಕೆಂಡುಗಳಲ್ಲಿ ಮೇರೆಯನ್ನು ದಾಟುತ್ತದೆ. ಆಗ ಮೂಗನ್ನು ಬಗ್ಗಿಸಿ ವೇಗ ಹೆಚ್ಚಿಸಿದರೆ ರೆಕ್ಕೆ ಮುರಿಯುವ ಅಪಾಯವಿದೆ. ಸುತ್ತುವುದನ್ನು ಬಿಟ್ಟು ನೇರವಾಗಿ ಹೊರಕ್ಕೆ ನಡೆಯಿಸಿದರೆ ಪ್ರವಾಹದ ಪಕ್ಕದಲ್ಲಿಯೇ ಇಳಿಯುವ ಗಾಳಿ ದೊರೆಯುತ್ತದೆ. ಮೊದಲನೆಯ ಕೆಲವು ದಿನಗಳ ಅಭ್ಯಾಸವನ್ನು ಬಿಸಿಲೇರುವ ಮುನ್ನ, ಹುಲ್ಲುಗಾವಲಿನಲ್ಲಿ, ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿ ಇಟ್ಟುಕೊಳ್ಳುವುದಕ್ಕೆ ಇದೂ ಒಂದು ಕಾರಣ.